ತಕ್ಕಡಿ ಸಾಹೇಬರ ಕಿತ್ತಳೆ ಬ್ರೆಡ್ಡು

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಅಂಗಡಿ ಅಂಗಡಿ ಅಲೆದು ತಕ್ಕಡಿಗಳ ಸುಳ್ಳು ಹಿಡಿದ ಮನುಷ್ಯರು ಒಂದು ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ತಾವೇ ಒಂದು ಸುಳ್ಳು ಹೇಳಿದರು. ಅದೂ ಹೆಂಡತಿಗೆ. ಅದೂ ಒಂದೇ ಅಕ್ಷರದ ಸುಳ್ಳು: "ಹೂಂ."

ಬೀದಿಯವರೆಲ್ಲ ಅವರನ್ನು ತಕ್ಕಡಿ ಸಾಹೇಬರು ಎಂದೇ ಕರೆಯುತ್ತಿದ್ದರು. ಕಚೇರಿಯಲ್ಲಿ ಒಂದು ಗುಂಜಿ ಹೆಚ್ಚುಕಡಿಮೆಯಾದರೂ ಕಣ್ಣು ಕೆಂಪಗೆ ಮಾಡುವ ಸಾಹೇಬರು ಮನೆಯಲ್ಲಿ ಮಾತ್ರ ಬನಿಯನ್ನನ್ನು ತಿರುಗಾಮುರುಗಾ ಹಾಕಿಕೊಂಡು, ಚಹಾಕ್ಕೆ ಉಪ್ಪು ಸುರಿದು, ಮೂಗಿನ ಮೇಲಿನ ಕನ್ನಡಕವನ್ನು ಮೂರು ಕೋಣೆಯಲ್ಲಿ ಹುಡುಕುವ ಪೈಕಿ. ಇಷ್ಟು ವರ್ಷ ಅವರನ್ನು ಮನುಷ್ಯನ ಆಕಾರದಲ್ಲಿ ಹೊರಗೆ ಕಳಿಸುತ್ತಿದ್ದವರು ಅವರ ಹೆಂಡತಿ. ಆಕೆ ಈಗ ಮೂರು ತಿಂಗಳ ಹಿಂದೆ ದೊಡ್ಡ ಜ್ವರ ಬಂದು, ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ಜ್ವರ ಹೋಗುವಾಗ ಸುಮ್ಮನೆ ಹೋಗದೆ ನಾಲಿಗೆಯ ರುಚಿಯನ್ನೂ ಬಾಯಿಯ ಮಾತನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಹಿಂದೆ ಬಸ್ಸಿನ ಕಂಡಕ್ಟರು, ತರಕಾರಿಯವನು, ಹಾಲಿನವನು ಯಾರಾದರೂ ಸರಿ, ಆಕೆಯ ಜೊತೆ ವಾದಕ್ಕೆ ನಿಂತವರು ಗೆದ್ದು ಹೋದ ಉದಾಹರಣೆ ಇರಲಿಲ್ಲ. ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ಕೂತರು. "ಊಟ?" ಎಂದರೆ "ಬೇಡ." "ಗಂಜಿ?" ಎಂದರೆ "ಮಣ್ಣು ತಿಂದ ಹಾಗಾಗತ್ತೆ."

"ಹೊಸದೇನಾದ್ರೂ ತಿನ್ನಿಸಿ ನೋಡಿ. ಸ್ವಲ್ಪ ನಡೆಸಿ," ಎಂದಿದ್ದರು ಡಾಕ್ಟರು. ನಡೆಸುವ ಮಾತಂತೂ ದೂರ. ಆಕೆ ಗೇಟಿನವರೆಗೂ ಹೋಗುತ್ತಿರಲಿಲ್ಲ. ಒಂದು ದಿನ ಮಾತ್ರ, ಯಾರೋ ಬೀದಿಯಲ್ಲಿ ಹಣ್ಣು ಸುಲಿಯುತ್ತ ಹೋದಾಗ, "ಕಿತ್ತಳೆ ವಾಸನೆ," ಎಂದರು. ಅಷ್ಟೇ. ಸಾಹೇಬರಿಗೆ ಅಷ್ಟು ಸಾಕಾಯಿತು. ಮೈದಾಹಿಟ್ಟಿನ ಪೊಟ್ಟಣದ ಹಿಂದೆ ಕಿತ್ತಳೆ ಸಿಪ್ಪೆ ಹಾಕಿ ಬ್ರೆಡ್ಡು ಮಾಡುವ ವಿಧಾನ ಅಚ್ಚಾಗಿತ್ತು. ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು, ಒಂದು ಪುಟ್ಟ ಓವನ್ ಕೊಂಡು ತಂದರು.

ಆ ಭಾನುವಾರ ಅಡುಗೆಮನೆಯಲ್ಲಿ ನಡೆದದ್ದು ಅಡುಗೆಯಲ್ಲ, ಇಲಾಖಾ ತಪಾಸಣೆ. ಹಿಟ್ಟನ್ನು ಸರ್ಕಾರಿ ಮುದ್ರೆಯಿದ್ದ ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ಎರಡು ಸಲ ತೂಗಿದರು. ಉಪ್ಪಿನ ಹರಳುಗಳಲ್ಲಿ ಎರಡನ್ನು ಚಿಮುಟದಿಂದ ತೆಗೆದು ಹಾಕಿದರು. ತೂಕದಲ್ಲಿ ತಪ್ಪು ಹುಡುಕಲು ದೇವರಿಗೂ ಸಾಧ್ಯವಿರಲಿಲ್ಲ. ಆದರೆ ರೋಗಿಗೆ ಕುದಿಸಿದ ನೀರನ್ನೇ ಕೊಡಬೇಕು ಎಂದು ಡಾಕ್ಟರು ಹೇಳಿದ್ದರಲ್ಲ? ಸಾಹೇಬರು ಯೀಸ್ಟಿನ ಮೇಲೆ ಕೊತಕೊತ ಕುದಿಯುವ ನೀರನ್ನೇ ಸುರಿದರು. ಯೀಸ್ಟು ಜೀವವಿರುವ ಪದಾರ್ಥವೆಂದೂ, ಅದಕ್ಕೆ ಆ ಕ್ಷಣವೇ ಸದ್ಗತಿ ದೊರಕಿತೆಂದೂ ಅವರಿಗೆ ಯಾರು ಹೇಳಬೇಕು?

ಒಂದೂವರೆ ಗಂಟೆಯ ನಂತರ ಓವನ್ನಿನಿಂದ ಹೊರಬಂದ ವಸ್ತುವನ್ನು ಮೇಜಿನ ಮೇಲಿಟ್ಟಾಗ ಮೇಜು "ಟಕ್" ಎಂದಿತು. ಚಾಕು ಹಾಕಿದರು, ಚಾಕು ಬಾಗಿತು. ಒಳಕೋಣೆಯಿಂದ ಆಕೆಯ ದನಿ ಬಂತು: "ಏನ್ರೀ ಅದು, ಘಮ್ ಅಂತಿದೆ? ಕಿತ್ತಳೆನಾ?"

ಮನೆಗೆ ಬಂದ ಮೇಲೆ ಆಕೆ ತಾವಾಗಿ ಕೇಳಿದ ಮೊದಲನೇ ಪ್ರಶ್ನೆ ಅದು. ಸಾಹೇಬರು "ಐದೇ ನಿಮಿಷ, ಇನ್ನೂ ಆರಬೇಕು!" ಎಂದು ಕೂಗಿ, ಹಿಂಬಾಗಿಲಿನಿಂದ ಹಾರಿ, ಎರಡು ಬೀದಿಯಾಚೆಯ ಬೇಕರಿಗೆ ಒಂದು ಕಾಲಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಹೆಂಡತಿಯ ಚಪ್ಪಲಿ ಹಾಕಿಕೊಂಡು ಓಡಿದರು.

ಬೇಕರಿ ಎಂದರೆ ಮೂರು ಮೇಜು, ಒಂದು ಇಟ್ಟಿಗೆ ಒಲೆ, ಮತ್ತು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಒಬ್ಬ ದಢೂತಿ ಹೆಂಗಸು. ಎಲ್ಲರಿಗೂ ಆಕೆ ಬೇಕರಿಯಮ್ಮ. ಅದೃಷ್ಟಕ್ಕೆ ಆಕೆಯ ಹಲಗೆಯ ಮೇಲೆ ಕಿತ್ತಳೆ ಸಿಪ್ಪೆಯ ಬ್ರೆಡ್ಡೇ ಬಿಸಿಬಿಸಿಯಾಗಿ ಕೂತಿತ್ತು. ತಂದರು, ತಮ್ಮ ಡಬ್ಬಿಗೆ ತುರುಕಿದರು, ತಟ್ಟೆಗೆ ಮಗುಚಿದರು, ಕತ್ತರಿಸಿ ಕೊಟ್ಟರು.

ಆಕೆ ಒಂದು ಚೂರು ಬಾಯಿಗಿಟ್ಟುಕೊಂಡರು. ಅಗಿದರು. ಇನ್ನೊಂದು ತೆಗೆದುಕೊಂಡರು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಗಂಡನ ಮುಖ ನೋಡಿದರು. ಹುಬ್ಬಿನ ಮೇಲೆ ಹಿಟ್ಟು, ಕಿವಿಯ ಹಿಂದೆ ಹಿಟ್ಟು, ಮೈಯೆಲ್ಲ ಬೆವರು.

"ರುಚಿ ಗೊತ್ತಾಗ್ತಿದೆ ಕಣ್ರೀ," ಎಂದರು ಆಕೆ. ಕಣ್ಣು ತುಂಬಿತ್ತು. "ನೀವೇ ಮಾಡಿದ್ದಾ?"

ಈಗ ನೀವೇ ಹೇಳಿ, ಸಾಹೇಬರು ಏನು ಹೇಳಬೇಕಿತ್ತು?

"ಹೂಂ."

ವಿಷಯ ಅಲ್ಲಿಗೇ ನಿಲ್ಲಬಹುದಿತ್ತು, ಎದುರುಮನೆಯಲ್ಲಿ ಗಾರ್ಡ್ ಮಾಮ ಇಲ್ಲದೇ ಹೋಗಿದ್ದರೆ. ಮೂವತ್ತೈದು ವರ್ಷ ರೈಲಿನ ಕೊನೇ ಡಬ್ಬಿಯಲ್ಲಿ ಹಸಿರು ಬಾವುಟ ಬೀಸಿ ನಿವೃತ್ತರಾದ ಅವರಿಗೆ ಈಗ ಹೊರಡಿಸಲು ಸುದ್ದಿಗಳನ್ನು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಆಕೆ ಕಿಟಕಿಯಿಂದ ಅವರನ್ನು ಕರೆದು, "ಮಾಮ, ನಮ್ಮೋರು ಬ್ರೆಡ್ಡು ಮಾಡಿದಾರೆ, ಬನ್ನಿ!" ಎಂದರು. ಗಾರ್ಡ್ ಮಾಮ ಬಂದರು, ತಿಂದರು, ಕಣ್ಣು ಮುಚ್ಚಿದರು.

"ತಕ್ಕಡಿ ಸಾಹೇಬ್ರೇ," ಎಂದರು, "ಇಷ್ಟು ದಿನ ನೀವು ರಾಂಗ್ ಲೈನಲ್ಲಿದ್ರಿ."

ಸಂಜೆಯೊಳಗೆ ಬೀದಿಯ ಕಡೇ ಮನೆಯವರೆಗೂ ಸುದ್ದಿ ಒಂದು ನಿಮಿಷವೂ ತಡವಾಗದೆ ತಲುಪಿತು.

ಮಾರನೆಯ ದಿನ ಆಕೆ ಕೇಳಿದರು: "ಇವತ್ತೂ ಮಾಡ್ತೀರಾ?" ಆವತ್ತಿನಿಂದ ಸಾಹೇಬರ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಐದಕ್ಕೆ ಎದ್ದು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಖಾಲಿ ಓವನ್ನಿನೊಳಗೆ ಎರಡು ಕಿತ್ತಳೆ ಸಿಪ್ಪೆ ಎಸೆದು ಬಿಸಿಮಾಡುವುದು, ವಾಸನೆಗಾಗಿ. ಖಾಲಿ ಪಾತ್ರೆಯನ್ನು ಹಲಗೆಯ ಮೇಲೆ ದಡದಡ ಕುಟ್ಟುವುದು, ಸದ್ದಿಗಾಗಿ. ಆಮೇಲೆ ಹಿಂಬಾಗಿಲಿನಿಂದ ಬೇಕರಿಯ ಹಿಂಬಾಗಿಲಿಗೆ ಹೋಗಿ, ಬ್ರೆಡ್ಡನ್ನು ಇಲಾಖೆಯ ದಪ್ಪ ಕಡತದೊಳಗೆ ಅಡಗಿಸಿಕೊಂಡು ಬರುವುದು. ಬೇಕರಿಯಮ್ಮ ಮೂರನೇ ದಿನಕ್ಕೇ ಕೇಳಿದರು: "ಮುಂಬಾಗಿಲು ಇದೆಯಲ್ಲ ಸಾಹೇಬ್ರೇ, ಕಳ್ಳನ ಹಾಗೆ ಯಾಕೆ ಬರ್ತೀರಿ?" ಸಾಹೇಬರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಆಕೆ ಸೊಂಟದ ಮೇಲೆ ಕೈಯಿಟ್ಟು ಎಲ್ಲ ಕೇಳಿ, ಮರುದಿನದಿಂದ ಕಿತ್ತಳೆ ಬ್ರೆಡ್ಡುಗಳಿಗೆಲ್ಲ ಒಂದು ಮೂಲೆಯನ್ನು ಬೇಕೆಂದೇ ಸ್ವಲ್ಪ ಸೊಟ್ಟ ಮಾಡತೊಡಗಿದರು. "ಮನೇಲಿ ಮಾಡಿದ್ದು ಅಂದ್ಮೇಲೆ ಅಷ್ಟು ನೀಟಾಗಿರಬಾರದು," ಎಂದು ಆಕೆಯ ವಿವರಣೆ.

ಹೆಂಡತಿ ಒಂದು ದಿನ ಅಡುಗೆಮನೆಯ ಬಾಗಿಲು ತಟ್ಟಿದರು. "ನಾನೂ ನೋಡ್ಲಾ?"

"ಬೇಡ ಬೇಡ! ಗಾಳಿ ತಾಗಿದ್ರೆ ಹಿಟ್ಟಿಗೆ ನೆಗಡಿ ಆಗತ್ತೆ!" ಎಂದರು ಒಳಗಿನಿಂದ ಸಾಹೇಬರು. ಇಂಥ ಶಾಸ್ತ್ರವನ್ನು ಯಾರೂ ಕೇಳಿರಲಿಲ್ಲ. ಆದರೆ ಇಷ್ಟು ಚೆನ್ನಾಗಿ ಮಾಡುವವರು ಹೇಳಿದ ಮೇಲೆ ಇರಲೇಬೇಕು ಎಂದು ಆಕೆ ನಂಬಿದರು.

ಹಾಗೆ ನಂಬಿದವರು ಆಕೆಯೊಬ್ಬರೇ ಅಲ್ಲ. ಆಕೆಯ ಅಕ್ಕ ಮುಂದಿನ ವಾರವೇ ಐದು ಕಿಲೋ ಹಿಟ್ಟು ಹೊತ್ತು, ಬಸ್ಸಿಳಿದು ಬಂದರು. ಜೊತೆಗೆ ನೋಟುಪುಸ್ತಕ, ಪೆನ್ನು. ಗಾರ್ಡ್ ಮಾಮನೂ ಕುರ್ಚಿ ಎಳೆದುಕೊಂಡು ಕೂತರು. "ಹೇಳಿ, ಒಂದೊಂದೇ ಹೇಳಿ," ಎಂದರು ಅಕ್ಕ.

"ಮೊದಲನೇದಾಗಿ," ಎಂದರು ಸಾಹೇಬರು, ಗಂಟಲು ಸರಿಮಾಡಿಕೊಂಡು, "ಹಿಟ್ಟನ್ನ ಗೌರವದಿಂದ ಕಾಣಬೇಕು."

ಅಕ್ಕ ಬರೆದುಕೊಂಡರು.

"ಎರಡನೇದಾಗಿ, ಅದರ ಜೊತೆ ಮಾತಾಡಬೇಕು."

"ಏನಂತ ಮಾತಾಡೋದು?"

"ಅದು... ಅವರವರ ವೃತ್ತಿ, ಅನುಭವಕ್ಕೆ ತಕ್ಕ ಹಾಗೆ."

"ನೀವೇನು ಮಾತಾಡ್ತೀರಿ?"

"ನಾನು... ಪೂರ್ತಿ ಸತ್ಯ ಹೇಳ್ತೀನಿ," ಎಂದುಬಿಟ್ಟರು ಸಾಹೇಬರು. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದೊಂದೇ. ಹೆಂಡತಿ ಹೆಮ್ಮೆಯಿಂದ ಅಕ್ಕನ ಕಡೆ ನೋಡಿದರು. ಸಾಹೇಬರು ನೆಲ ನೋಡಿದರು.

ಅಕ್ಕ ಮನೆಗೆ ಹೋಗಿ ಹಿಟ್ಟಿನ ಮುಂದೆ ಎರಡು ಗಂಟೆ ತಮ್ಮ ಸೊಸೆಯ ವಿಷಯ ಮಾತಾಡಿದರಂತೆ, ಬ್ರೆಡ್ಡು ಹುಳಿಯಾಯಿತು. ಗಾರ್ಡ್ ಮಾಮ ಮಾತ್ರ ನಾದುತ್ತ ನಾದುತ್ತ ತಮ್ಮ ಹಳೆಯ ಮಾರ್ಗದ ನಿಲ್ದಾಣಗಳನ್ನೆಲ್ಲ ಹೊತ್ತುಗೊತ್ತಿನ ಸಮೇತ ಹಿಟ್ಟಿಗೆ ಕೂಗಿ ಹೇಳಿದರು. ಏನಾಶ್ಚರ್ಯ! ಅವರ ಬ್ರೆಡ್ಡು ಹೂವಿನ ಹಾಗೆ ಉಬ್ಬಿತು. "ನಿಮ್ಮ ವಿದ್ಯೆ ದೊಡ್ಡದು ಗುರುಗಳೇ," ಎಂದು ಅವರು ಸಾಹೇಬರ ಮೊಣಕಾಲು ಮುಟ್ಟಿದರು. ಹೀಗೆ, ಒಂದು ಬ್ರೆಡ್ಡನ್ನೂ ಉಬ್ಬಿಸದ ಮನುಷ್ಯರು ಬೀದಿಗೆ ಗುರುಗಳಾದರು.

ಇಷ್ಟರಲ್ಲಿ ನಡೆದ ಇನ್ನೊಂದು ವಿಷಯ ಹೇಳಲೇಬೇಕು. ಬ್ರೆಡ್ಡಿನ ಹಿಂದೆ ಸಾರು ಬಂತು, ಸಾರಿನ ಹಿಂದೆ ಅನ್ನ ಬಂತು. ಆಕೆ ಕುರ್ಚಿಯಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ಬಂದರು. ಗೇಟಿನಲ್ಲಿ ನಿಂತು ಹೋಗಿಬರುವವರಿಗೆಲ್ಲ ಒಂದೊಂದು ಚೂರು ಕೊಟ್ಟು, "ನಮ್ಮೋರು ಮಾಡಿದ್ದು, ತಿಂದು ನೋಡಿ," ಎನ್ನುತ್ತಿದ್ದರು. ಸಾಹೇಬರು ಒಳಗೆ ಕೂತು ಆ ಮಾತು ಕೇಳುತ್ತಿದ್ದರು. ಇವತ್ತು ನಿಜ ಹೇಳೋಣ ಎಂದು ಪ್ರತಿದಿನ ಬೆಳಿಗ್ಗೆ ಗಟ್ಟಿಮನಸ್ಸು ಮಾಡುತ್ತಿದ್ದರು. ಗೇಟಿನಿಂದ ಆ ದನಿ ಕೇಳಿದ ಕೂಡಲೇ ಗಟ್ಟಿಮನಸ್ಸು ಬಿಸಿ ಬ್ರೆಡ್ಡಿನ ಮೇಲಿಟ್ಟ ಬೆಣ್ಣೆಯಾಗುತ್ತಿತ್ತು.

ಒಂದು ಗುರುವಾರ ಎರಡು ಕಡೆಯಿಂದ ಒಟ್ಟಿಗೇ ಬಾಂಬು ಬಿತ್ತು.

ಮೊದಲನೆಯದು ಕಚೇರಿಯಲ್ಲಿ. ಮೇಲಧಿಕಾರಿಗಳು ಅವರನ್ನು ಒಳಗೆ ಕರೆದರು. ಸಣ್ಣ ಮೈಯ, ದೊಡ್ಡ ಫೈಲಿನ ಮನುಷ್ಯ; ನಗುವುದಕ್ಕೂ ಲಿಖಿತ ಆದೇಶ ಬೇಕು ಎನ್ನುವ ಜಾತಿ. ಮೇಜಿನ ಮೇಲೆ ಹೆಸರಿಲ್ಲದ ಒಂದು ಅರ್ಜಿ.

"ಓದ್ತೀನಿ ಕೇಳಿ. 'ತಮ್ಮ ಇಲಾಖೆಯ ಪರಿವೀಕ್ಷಕರು ದಿನವೂ ಬೆಳಿಗ್ಗೆ ತಾವೇ ತಪಾಸಣೆ ಮಾಡಬೇಕಾದ ಬೇಕರಿಯ ಹಿಂಬಾಗಿಲಿನಿಂದ ಸರ್ಕಾರಿ ಕಡತದಲ್ಲಿ ಬ್ರೆಡ್ಡು ಸಾಗಿಸುತ್ತಿದ್ದಾರೆ.' ಏನ್ರೀ ಇದು? ಲಂಚಾನಾ?"

ಸಾಹೇಬರು ಕಂಕುಳಲ್ಲಿದ್ದ ಕಡತವನ್ನು ಬೆನ್ನ ಹಿಂದಕ್ಕೆ ಸರಿಸಿದರು.

"ನಡೀರಿ, ಸ್ಥಳ ಪರಿಶೀಲನೆ ಮಾಡೋಣ."

ಎರಡನೆಯದು ಮನೆಯಲ್ಲಿ. ಅದೇ ಹೊತ್ತಿಗೆ ಗಾರ್ಡ್ ಮಾಮ ಬೇಕರಿಯ ಒಂದು ಪೊಟ್ಟಣ ಹಿಡಿದು ಏದುಸಿರು ಬಿಡುತ್ತ ಬಂದಿದ್ದರು. "ಅಮ್ಮಾ, ಅನಾಹುತ! ಆ ಬೇಕರಿಯಮ್ಮ ಇದೇ ಬ್ರೆಡ್ಡು ಮಾರ್ತಾ ಇದಾಳೆ. ಅದೇ ಕಿತ್ತಳೆ ಸಿಪ್ಪೆ, ಅದೇ ಬಣ್ಣ, ಆ ಸೊಟ್ಟ ಮೂಲೆ ಕೂಡ ಅದೇ! ಸಾಹೇಬ್ರ ವಿದ್ಯೆ ಕದ್ದಿದಾಳೆ!"

ಆಕೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಮುಖ ಕೆಂಪಾಯಿತು. "ಮಾಮ," ಎಂದರು, "ನನ್ನ ಚಪ್ಪಲಿ ಎಲ್ಲಿದೆ ನೋಡಿ."

ಬೇಕರಿಯಲ್ಲಿ ಮೇಲಧಿಕಾರಿಗಳು ಫೈಲು ಬಿಚ್ಚಿ, "ಈ ಅಧಿಕಾರಿಗೂ ನಿಮಗೂ ಏನು ಸಂಬಂಧ?" ಎಂದು ಬೇಕರಿಯಮ್ಮನನ್ನು ಕೇಳುವುದಕ್ಕೂ, ಬಾಗಿಲು ಧಡಾರನೆ ತೆರೆಯುವುದಕ್ಕೂ ಸರಿಹೋಯಿತು. ಬಾಗಿಲಲ್ಲಿ ಸಾಹೇಬರ ಹೆಂಡತಿ. ಕಾಲು ನಡುಗುತ್ತಿತ್ತು, ದನಿ ನಡುಗುತ್ತಿರಲಿಲ್ಲ. ಹಿಂದೆ ಗಾರ್ಡ್ ಮಾಮ.

"ಏನಮ್ಮಾ! ನಾಚಿಕೆ ಆಗಲ್ವಾ? ಪಾಪದ ಮನುಷ್ಯ ಬೆಳಿಗ್ಗೆ ಐದಕ್ಕೆದ್ದು ಮೈಮುರಿದು ಮಾಡಿದ ಬ್ರೆಡ್ಡು ನೋಡ್ಕೊಂಡು, ಅದನ್ನೇ ಇಲ್ಲಿ ಬೇಯಿಸಿ ಮಾರ್ತೀರಾ? ಸೊಟ್ಟ ಮೂಲೇನೂ ಬಿಡದ ಹಾಗೆ? ಸ್ವಂತ ಬುದ್ಧಿ ಇದ್ರೆ ಒಂದು ನಿಂಬೆ ಸಿಪ್ಪೆನಾದ್ರೂ ಹಾಕಬಾರದಿತ್ತಾ?"

ಸಾಹೇಬರು ಕಣ್ಣು ಕಣ್ಣು ಬಿಟ್ಟರು. ಎರಡು ಬೀದಿ ನಡೆದು ಬಂದಿದ್ದಾಳೆ! ಜಗಳ ಆಡುತ್ತಿದ್ದಾಳೆ! ಅವರ ಇಪ್ಪತ್ತಾರು ವರ್ಷದ ನೌಕರಿ ಆ ಕ್ಷಣ ಒಲೆಯ ಬಾಯಲ್ಲಿ ಕೂತಿತ್ತು. ಅವರ ಮುಖದಲ್ಲಿ ಮಾತ್ರ ಬಹುಮಾನ ಬಂದವರ ನಗು.

"ಯಾರ್ರೀ ಈಕೆ?" ಎಂದರು ಮೇಲಧಿಕಾರಿಗಳು.

"ನನ್ನ ಹೆಂಡತಿ ಸಾರ್," ಎಂದರು ಸಾಹೇಬರು. "ಎಷ್ಟು ಚೆನ್ನಾಗಿ ಬೈತಾಳೆ ನೋಡಿ."

"ನೀವ್ಯಾರು?" ಎಂದು ಆಕೆ ಅಧಿಕಾರಿಗಳ ಕಡೆ ತಿರುಗಿದರು. ವಿಷಯ ತಿಳಿದ ಮೇಲೆ ಬೆಂಕಿ ಇನ್ನೊಂದು ಮೊಳ ಎದ್ದಿತು. "ಲಂಚಾನಾ? ಇವರಿಗೆ ಬ್ರೆಡ್ಡಿನ ಲಂಚ ಯಾಕ್ರೀ? ದಿನಾ ಮನೇಲಿ ಇವರೇ ಮಾಡಿ ಇಡೀ ಬೀದಿಗೆ ಹಂಚ್ತಾರೆ!"

ಅಧಿಕಾರಿಗಳ ಪೆನ್ನು ಚುರುಕಾಯಿತು. "ಅಂದ್ರೆ ಸರ್ಕಾರಿ ನೌಕರ ಮನೆಯಲ್ಲಿ ಬೇಕರಿ ಇಟ್ಟಿದಾನೆ. ಪರವಾನಗಿ ಇದೆಯಾ?"

ಬೇಕರಿಯಮ್ಮ ಸಾಹೇಬರ ಮುಖ ನೋಡಿದರು. ಅವರ ಕಣ್ಣುಗಳು, ಕಟುಕನ ಅಂಗಡಿಯ ಮುಂದೆ ನಿಂತ ಕುರಿಯ ಹಾಗೆ, ಬೇಡಿಕೊಳ್ಳುತ್ತಿದ್ದವು. ಆಕೆಯ ಮನಸ್ಸು ಕರಗಿತು. "ಹೌದು ಸಾರ್," ಎಂದುಬಿಟ್ಟರು ಗಟ್ಟಿಯಾಗಿ. "ಅಮ್ಮಾವ್ರು ಹೇಳಿದ್ದೇ ನಿಜ. ಸಾಹೇಬ್ರೇ ನನಗೆ ಈ ಬ್ರೆಡ್ಡು ಹೇಳಿಕೊಟ್ಟಿದ್ದು. ಅದಕ್ಕೇ ದಿನಾ ಬಂದು ಸರಿಯಾಗಿದೆಯಾ ನೋಡ್ಕೊಂಡು, ಒಂದು ತಗೊಂಡು ಹೋಗ್ತಾರೆ."

"ಓಹೋ! ತಪಾಸಣೆ ಮಾಡಬೇಕಾದ ಅಂಗಡಿಯಲ್ಲೇ ಪಾಲುದಾರಿಕೆ!" ಅಧಿಕಾರಿಗಳು ಹೊಸ ಹಾಳೆ ತಿರುವಿದರು.

ಎಲ್ಲರೂ ಸಾಹೇಬರನ್ನು ಉಳಿಸಲು ಹೊರಟಿದ್ದರು. ಪ್ರತಿಯೊಬ್ಬರು ಬಾಯಿ ಬಿಟ್ಟಾಗಲೂ ಅವರು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತಿದ್ದರು. ಗಾರ್ಡ್ ಮಾಮನೂ ಸಾಕ್ಷಿ ಹೇಳಲು ಗಂಟಲು ಸರಿಮಾಡಿಕೊಂಡಾಗ ಸಾಹೇಬರು ಕೈಯೆತ್ತಿದರು.

"ಸಾಕು. ಬರ್ಕೊಳ್ಳಿ ಸಾರ್. ನಾನು ಜನ್ಮದಲ್ಲಿ ಒಂದು ಬ್ರೆಡ್ಡೂ ಸುಟ್ಟಿಲ್ಲ." ಒಂದು ಕ್ಷಣ ಯೋಚಿಸಿದರು, ಅಳತೆಯ ಮನುಷ್ಯ. "ತಪ್ಪು. ಒಂದು ಸುಟ್ಟಿದೀನಿ. ಅದು ಕಲ್ಲಾಯ್ತು. ಹಿತ್ತಿಲಲ್ಲಿ ಹೂಳಿದೀನಿ. ಮಿಕ್ಕಿದ್ದೆಲ್ಲ ಈ ತಾಯಿ ಮಾಡಿದ್ದು. ದಿನಾ ದುಡ್ಡು ಕೊಟ್ಟೇ ತಗೊಂಡು ಹೋಗಿದೀನಿ. ಹಿಂಬಾಗಿಲಿನಿಂದ ಬಂದಿದ್ದು ಲಂಚಕ್ಕಲ್ಲ... ಇವಳು ನೋಡಬಾರದು ಅಂತ."

ಗಾರ್ಡ್ ಮಾಮ ಮೆಲ್ಲಗೆ, "ಹಾಗಾದ್ರೆ ನನ್ನ ಬ್ರೆಡ್ಡು ಉಬ್ಬಿದ್ದು ಹೇಗೆ?" ಎಂದರು. ಈವರೆಗೂ ಆ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಮೇಲಧಿಕಾರಿಗಳು ಫೈಲಿನ ಪುಟ ಮುಂದೆ ತಿರುಗಿಸಿದರು, ಹಿಂದೆ ತಿರುಗಿಸಿದರು. ಕೊನೆಗೆ ಪೆನ್ನಿನ ಟೊಪ್ಪಿಗೆ ಮುಚ್ಚಿದರು. "ಹೆಂಡತಿಗೆ ಸುಳ್ಳು ಹೇಳಿದ್ದಕ್ಕೆ ನಮ್ಮಲ್ಲಿ ನಮೂನೆ ಇಲ್ಲ. ಅದು ಇವರ ವ್ಯಾಪ್ತಿಗೆ ಬರತ್ತೆ," ಎಂದು ಆಕೆಯ ಕಡೆ ಕೈತೋರಿಸಿದರು. ಹೊರಡುವಾಗ ಎರಡು ಹೆಜ್ಜೆ ಹಿಂದೆ ಬಂದು, ಯಾರ ಮುಖವನ್ನೂ ನೋಡದೆ, "ಒಂದು ಬ್ರೆಡ್ಡು ಕಟ್ಟಿಕೊಡಿ. ಸೊಟ್ಟ ಮೂಲೆ ಇರೋದು," ಎಂದರು. ಪೊಟ್ಟಣ ಸಿಕ್ಕಿದ್ದೇ ಮುಂಬಾಗಿಲಿನಿಂದಲೇ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದುಕೊಂಡು ಹೋದರು. ಗಾರ್ಡ್ ಮಾಮನಿಗೂ ಇದು ತಾವು ನಿಲ್ಲುವ ನಿಲ್ದಾಣವಲ್ಲ ಎಂದು ಹೊಳೆದು, ಅವರ ಹಿಂದೆಯೇ ಜಾಗ ಖಾಲಿಮಾಡಿದರು.

ಆಕೆ ಹತ್ತಿರದ ಕುರ್ಚಿ ಎಳೆದುಕೊಂಡು ಕೂತರು. ಉಸಿರು ಹತೋಟಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬೇಕರಿಯಮ್ಮ ಒಂದು ಲೋಟ ನೀರು, ಒಂದು ತಟ್ಟೆಯಲ್ಲಿ ಬೆಣ್ಣೆ ಸವರಿದ ಎರಡು ಚೂರು ತಂದಿಟ್ಟು, ಒಲೆಯ ಕಡೆ ತಿರುಗಿ ಇಲ್ಲದ ಕೆಲಸ ಮಾಡತೊಡಗಿದರು.

"ಕ್ಷಮಿಸಿ ಅಮ್ಮಾ," ಎಂದರು ಆಕೆ ಬೇಕರಿಯಮ್ಮನ ಬೆನ್ನಿಗೆ. "ನಿಮಗೆ ಬೈದುಬಿಟ್ಟೆ."

"ಪರವಾಗಿಲ್ಲ ಬಿಡಿ," ಎಂದಿತು ಬೆನ್ನು. "ನಿಂಬೆ ಸಿಪ್ಪೆ ವಿಷಯ ಯೋಚನೆ ಮಾಡ್ತೀನಿ."

ಸಾಹೇಬರು ಎದುರಿಗೆ, ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

"ಕೂತ್ಕೊಳ್ಳಿ," ಎಂದರು ಆಕೆ. ಕೂತರು. "ಇಡೀ ಬೀದಿಗೆ ಹೇಳಿದೀನಿ ನಾನು. ನಮ್ಮೋರು, ನಮ್ಮೋರು ಅಂತ."

"ಹೇಳೋದು ಕೇಳಿಸ್ತಿತ್ತು," ಎಂದರು ಸಾಹೇಬರು. "ಅದಕ್ಕೇ ಬಾಯಿ ಬಿಡಕ್ಕಾಗ್ಲಿಲ್ಲ. ಮತ್ತೆ ಮಾತು ನಿಲ್ಲಿಸಿಬಿಡ್ತೀಯೇನೋ ಅಂತ ಹೆದರಿಕೆ ಆಯ್ತು."

ಆಕೆ ತಟ್ಟೆಯ ಕಡೆ ನೋಡಿದರು. ಸಿಟ್ಟಿನಲ್ಲಿಯೇ ಒಂದು ಚೂರು ಎತ್ತಿಕೊಂಡರು. ಸಿಟ್ಟಿನಲ್ಲಿಯೇ ತಿಂದರು. ಹೊರಗೆ ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಎಷ್ಟೋ ದಿನದ ಮೇಲೆ ಹೊರಗೆ ಕೂತು ತಿನ್ನುತ್ತಿದ್ದೇನೆ ಎಂಬುದು ಆಗ ಆಕೆಗೆ ಹೊಳೆದಿರಬೇಕು. ಕಿಟಕಿಯ ಕಡೆ ಸ್ವಲ್ಪ ತಿರುಗಿ ಕೂತರು.

"ಇನ್ನೇನೇನು ಸುಳ್ಳು ಹೇಳಿದೀರಾ? ಎಲ್ಲಾ ಈಗಲೇ ಒಪ್ಪಿಸಿಬಿಡಿ."

ಸಾಹೇಬರು ಬಹಳ ಪ್ರಾಮಾಣಿಕವಾಗಿ ಯೋಚಿಸಿದರು.

"ಇನ್ನೊಂದಿದೆ," ಎಂದರು. "ಆಸ್ಪತ್ರೇಲಿದ್ದಾಗ ದಿನಾ ಕೇಳ್ತಿದ್ದೆಯಲ್ಲ, ಮನೇಲಿ ಸರಿಯಾಗಿ ಊಟ ಮಾಡ್ತಿದೀರಾ ಅಂತ. ಹೊಟ್ಟೆ ತುಂಬಾ ಮಾಡ್ತಿದೀನಿ ಅಂದೆ. ಮಾಡ್ತಿರಲಿಲ್ಲ. ಒಬ್ಬನೇ ಕೂತ್ರೆ ಗಂಟಲಲ್ಲಿ ಇಳೀತಿರಲಿಲ್ಲ. ನೀನು ಮನೆಗೆ ಬಂದ್ಮೇಲೂ... ನೀನು ಬೇಡ ಅಂದಾಗೆಲ್ಲ ನನಗೂ ಬೇಡ ಅನಿಸ್ತಿತ್ತು."

ಆಕೆ ಗಂಡನ ಮುಖವನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. ಕೊರಳಿನ ಗುಂಡಿ ಹಾಕಿದ್ದರೂ ಅಂಗಿಯ ಕಾಲರು ಎರಡು ಬೆರಳು ಸಡಿಲವಾಗಿತ್ತು. ಮೂರು ತಿಂಗಳಿಂದ ಕಣ್ಣೆದುರಿಗೇ ಇದ್ದದ್ದು ಆಕೆಗೆ ಈಗ ಕಂಡಿತು. ಕೈಚಾಚಿ ಆ ಕಾಲರನ್ನು ಒಮ್ಮೆ ಸರಿಮಾಡಿದರು. ಆಮೇಲೆ ಒಲೆಯ ಕಡೆ ತಿರುಗಿ, ತರಕಾರಿಯವನಿಗೂ ಹಾಲಿನವನಿಗೂ ಪರಿಚಯವಿದ್ದ ಆ ಹಳೆಯ ದನಿಯಲ್ಲಿ ಕೂಗಿದರು:

"ರೀ ಅಮ್ಮಾ, ಇನ್ನೊಂದು ತಟ್ಟೆ ತನ್ನಿ! ಈ ಮನುಷ್ಯ ಮೂರು ತಿಂಗಳಿಂದ ಊಟಾನೇ ಮಾಡಿಲ್ಲ!"